ತಳದ ನೀರನ್ನು ಕೇಳುವವರು

ಒಡೀಲಿಯಾ ಬೆಟೆನ್‌ಕೋರ್ಟ್ ಯಾವ ಅಂಕಿಯನ್ನೂ ‘ಸುಮಾರು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ವಯಸ್ಸು ಕೇಳಿದರೆ ಎಪ್ಪತ್ತಮೂರು ವರ್ಷ ನಾಲ್ಕು ತಿಂಗಳು; ನೀರಿನ ಶಾಖ ಕೇಳಿದರೆ ಹದಿನೆಂಟು ಪಾಯಿಂಟ್ ನಾಲ್ಕು. ನದಿಯ ನೀರು ಅಳೆಯುವ ಸ್ವಯಂಸೇವಕಿ ಅವರು; ದೋಣಿಯಲ್ಲಿ ಅವರ ಅಂಕಿ ಬರೆಯುವ ಪುಸ್ತಕ ಹಿಡಿದು ಕೂತ ನಾನು ಒಮ್ಮೆ, ‘ಹದಿನೆಂಟು ಅಂತ ಬರ್ಕೊಳ್ಲಾ?’ ಎಂದು ಕೇಳಿ, ‘ಮಿಕ್ಕ ನಾಲ್ಕನ್ನ ಯಾರ ಮನೆಗೆ ಕಳಿಸ್ತೀಯ?’ ಎಂದು ಉಗಿಸಿಕೊಂಡಿದ್ದೇನೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಈ ಹೆಂಗಸಿನ ನಡಿಗೆಯೂ ಬಸ್ಸಿನದೇ: ತಿರುವಿನಲ್ಲಿ ಮೊದಲು ಭುಜ ತಿರುಗುತ್ತದೆ, ಆಮೇಲೆ ಸಾವಧಾನವಾಗಿ ಉಳಿದ ದೇಹ. ತೀರಿಹೋದ ಗಂಡ ಹಸುಗಳ ಕೊಟ್ಟಿಗೆಯಲ್ಲಿ ತೊಡುತ್ತಿದ್ದ ಹಳದಿ ಮಳೆಕೋಟನ್ನು ಸೈಕಲ್ ಟ್ಯೂಬಿನ ತೇಪೆ ಹಾಕಿ ಹಾಕಿ, ಮೂಲದ ಹಳದಿ ಎಲ್ಲಿದೆಯೆಂದು ಹುಡುಕಬೇಕಾದ ಸ್ಥಿತಿಗೆ ತಂದಿದ್ದರು. ಅದರ ಒಂದು ಜೇಬಿನಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ಸಾಸೇಜು ತುಂಬಿದ ಬ್ರೆಡ್ಡು. ಹೊಸ ಕೋಟು ಕೊಡಿಸಲು ಹೋದ ಮಗಳನ್ನು ಅವರು ಒಂದು ವಾರ ಮಾತನಾಡಿಸಲಿಲ್ಲ.

ನಮ್ಮ ಸ್ಯಾನ್ ತಾಡೆಯೊ ನದಿ ಬೇಸಿಗೆಯಲ್ಲಿ ಸಮುದ್ರವನ್ನು ಮುಟ್ಟುವುದಿಲ್ಲ. ಅಲೆಗಳು ಮರಳಿನ ದಿಬ್ಬ ಪೇರಿಸಿ ಅಳಿವೆಯ ಬಾಯಿ ಮುಚ್ಚುತ್ತವೆ. ಹಿಂದೆ ನಿಂತ ನೀರಿನಲ್ಲಿ ಸ್ಟೀಲ್‌ಹೆಡ್ ಮೀನಿನ ಮರಿಗಳು ಮೈ ತುಂಬಿಕೊಂಡು, ಚಳಿಗಾಲದ ಮಳೆಗೆ ದಿಬ್ಬ ಒಡೆದಾಗ ಕಡಲಿಗಿಳಿದು, ವರ್ಷಗಳ ಮೇಲೆ ಮೊಟ್ಟೆಯಿಡಲು ಅದೇ ದಾರಿಯಲ್ಲಿ ಹಿಂತಿರುಗುತ್ತವೆ. ಆ ಹಿನ್ನೀರಿನಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ತಳದಲ್ಲಿ ಪಾಚಿ ಕೊಳೆತು ಆಮ್ಲಜನಕ ತೀರಿಹೋಗಿರುತ್ತದೆ. ಹೊತ್ತಿಗೆ ಮುಂಚೆ ದಿಬ್ಬ ಕಡಿದರೆ ಮೇಲಿನ ನೀರೆಲ್ಲ ಹರಿದುಹೋಗಿ, ಮರಿಗಳಿಗೆ ಉಳಿಯುವುದು ಉಸಿರಾಡಲಾಗದ ತಳ ಮಾತ್ರ.

ಒಂದು ನವೆಂಬರಿನಲ್ಲಿ ನೀರು ಏರಿ ದಂಡೆಯ ಮೇಲಿನ ರೂತ್ ಆಲ್ಬರ್ಟ್‌ಸನ್ ಮನೆಯ ಮೆಟ್ಟಿಲು ಮುಟ್ಟಿತು. ದಿಬ್ಬ ಕಡಿಯಲು ಕೌಂಟಿ ಆಡಳಿತ ಕಚೇರಿಯ ಗ್ರಾಂಟ್ ಹೋಲ್ಕಂ ಬುಲ್ಡೋಜರ್ ತಂದ. ಒಡೀಲಿಯಾ ಮಡಿಸುವ ಕುರ್ಚಿಯೊಂದನ್ನು ಅದರ ಮುಂದೆ ಹಾಕಿಕೊಂಡು ಕೂತು, ಬ್ರೆಡ್ಡು ಬಿಚ್ಚಿದರು.

‘ಏಳಿ, ಮಿಸೆಸ್ ಬೆಟೆನ್‌ಕೋರ್ಟ್. ನಾನೇ ಅಳೆದಿದ್ದೀನಿ, ಆಮ್ಲಜನಕ ಎಂಟಿದೆ. ನಿಮ್ಮ ಮೀನು ಹಾಯಾಗಿವೆ.’

‘ಎಲ್ಲಿಂದ ಅಳೆದೆ?’ ಅವನು ಅವರ ಬಸ್ಸಿನಲ್ಲೇ ಶಾಲೆಗೆ ಹೋದವನು, ಹಾಗಾಗಿ ಅವರಿಗೆ ಬಹುವಚನದ ಗೊಡವೆಯಿರಲಿಲ್ಲ.

‘ಸೇತುವೆ ಮೇಲಿಂದ.’

‘ಎಷ್ಟು ಆಳಕ್ಕೆ ಬಿಟ್ಟೆ?’

‘ಒಂದಡಿ.’

‘ಹಣೆ ಮುಟ್ಟಿ ಹೊಟ್ಟೆನೋವು ನೋಡೋ ಡಾಕ್ಟರು ನೀನು! ನಡಿ, ದೋಣಿ ಹತ್ತು.’

ಅಷ್ಟರಲ್ಲಿ ರೂತ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಳು. ‘ನನ್ನ ಮನೆಗಿಂತ ನಿನಗೆ ಮೀನು ಹೆಚ್ಚಾಯ್ತೇನೇ?’

‘ನಿನ್ನ ಕಾರ್ಪೆಟ್ಟು ನಾನೇ ಹೊತ್ತು ಒಣಗಿಸಿಕೊಡ್ತೀನಿ ರೂತ್. ಸತ್ತ ಮೀನನ್ನ ಒಣಗಿಸಿ ಬದುಕಿಸೋಕಾಗುತ್ತಾ?’

ರೂತ್ ಬಾಯಿಗೆ ಬಂದದ್ದೆಲ್ಲ ಬೈದಳು, ಅವಳದೂ ನ್ಯಾಯವೇ. ನಾನು ಹುಟ್ಟು ಹಾಕಿದೆ. ಆಮ್ಲಜನಕ ಅಳೆಯುವ ಯಂತ್ರದ ತಂತಿಯನ್ನು ಒಡೀಲಿಯಾ ಮುಟ್ಟಲೇ ಇಲ್ಲ, ಹೋಲ್ಕಂನ ಕೈಗೇ ಕೊಟ್ಟರು. ಒಂದಡಿಗೆ ಎಂಟು. ಮೂರಡಿಗೆ ಆರು. ಐದಡಿಗೆ ಇಳಿದಾಗ ಒಂದು. ತಂತಿ ತಳ ಮುಟ್ಟಿದಾಗ ಪಾಯಿಂಟ್ ನಾಲ್ಕು. ಅವನು ಯಂತ್ರವನ್ನು ಒಮ್ಮೆ ಕುಲುಕಿ ಮತ್ತೆ ಬಿಟ್ಟ. ಅದೇ ಪಾಯಿಂಟ್ ನಾಲ್ಕು.

‘ಮೇಲಿನವರು ಒಪ್ಪಲ್ಲ,’ ಎಂದ.

‘ಅವರು ದೋಣೀಲಿಲ್ಲ. ನೀನಿದೀಯ.’

ಹೋಲ್ಕಂ ಬುಲ್ಡೋಜರನ್ನು ವಾಪಸು ಕಳಿಸಿದ. ಆರು ದಿನ ನಾವು ರೂತ್‌ಳ ಬಾಗಿಲಿಗೆ ಮರಳಿನ ಚೀಲ ಪೇರಿಸಿದೆವು. ಆದರೂ ಅಡಿಗೆಮನೆಗೆ ನೀರು ನುಗ್ಗಿತು, ಒಡೀಲಿಯಾ ಕೊಟ್ಟ ಮಾತಿನಂತೆ ಒದ್ದೆ ಕಾರ್ಪೆಟ್ಟನ್ನು ಬೆನ್ನ ಮೇಲೆ ಹೊತ್ತರು. ಏಳನೆಯ ದಿನ ಬೆಟ್ಟದಲ್ಲಿ ಮಳೆಯಾಗಿ, ಕೆಂಪಗೆ ತುಂಬಿಬಂದ ನದಿ ತಾನೇ ದಿಬ್ಬ ಒಡೆದು ಹಳಸಿದ ತಳವನ್ನೂ ಕೊಚ್ಚಿಕೊಂಡು ಹೋಯಿತು. ಮರಿಗಳು ಉಳಿದವು. ದಡದಲ್ಲಿ ಸತ್ತು ಸಿಕ್ಕವು ಹನ್ನೊಂದು; ಆ ಹನ್ನೊಂದನ್ನೂ ಒಡೀಲಿಯಾ ನನ್ನಿಂದ ಬರೆಸಿದರು.

ಮುಂದಿನ ವಾರ ಕಚೇರಿಯ ಕಾಗದ ಬಂತು: ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಕಾರಣ ಸ್ವಯಂಸೇವಕರ ಪಟ್ಟಿಯಿಂದ ಹೆಸರು ತೆಗೆಯಲಾಗಿದೆ, ಯಂತ್ರ ಹಿಂತಿರುಗಿಸತಕ್ಕದ್ದು. ಅವರು ಯಂತ್ರವನ್ನು ತೊಳೆದು, ಹೊಸ ಬ್ಯಾಟರಿ ಹಾಕಿ ಕೊಟ್ಟುಬಂದರು. ನನಗೆ ದುಃಖವೂ ಸಿಟ್ಟೂ ಆಗಿತ್ತು. ಸಮಾಧಾನ ಹೇಳೋಣವೆಂದು ಮರುದಿನ ಬೆಳಿಗ್ಗೆ ಹೋದರೆ, ತಳದ ನೀರೆತ್ತಲು ಸ್ವಂತ ಖರ್ಚಿನ ಗಾಜಿನ ಶೀಶೆಗಳನ್ನೂ ಉದ್ದನೆಯ ದಾರವನ್ನೂ ಹಿಡಿದು ಆಗಲೇ ದೋಣಿಯಲ್ಲಿ ಕೂತಿದ್ದರು.

‘ಪಟ್ಟಿಯಿಂದ ತೆಗೆದಿದ್ದಾರೆ, ನದಿಯಿಂದ ತೆಗೆದಿಲ್ಲವಲ್ಲ. ಹುಟ್ಟು ಹಾಕು.’

ಇಂಥವರನ್ನು ಲೋಕ ಹಠಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಗೆದ್ದು ಮೆರೆಯುವ ಆಸೆ ಅವರಿಗೆ ಇರುವುದನ್ನು ನಾನು ಕಂಡಿಲ್ಲ. ಕಂಡದ್ದನ್ನು ಕಂಡಿಲ್ಲವೆನ್ನಲು ಅವರಿಗೆ ಬರುವುದಿಲ್ಲ, ಅಷ್ಟೆ. ಕೂಗಾಡುವವರನ್ನು ಅಧಿಕಾರ ನಿಭಾಯಿಸಬಲ್ಲದು, ಅವರ ಗಂಟಲು ಸಂಜೆಯೊಳಗೆ ಕಟ್ಟುತ್ತದೆ. ಅಧಿಕಾರ ಹೆದರುವುದು ನಾಳೆ ಬೆಳಿಗ್ಗೆಯೂ ಬಂದು ಅಳೆಯುವವರಿಗೆ.