ಸಂಜೆಬಿಳಿ ಹಿಡಿಯಲಿಲ್ಲ

"ಕೈ ತೆಗಿಯೋ" ಎಂದು ಅಕ್ಕ ಹೇಳುವಷ್ಟರಲ್ಲಿ ತಮ್ಮನ ಎರಡು ಬೆರಳು ಗುಲಾಬಿ ಕಡ್ಡಿಯ ಕತ್ತು ಹಿಡಿದು ಮೇಲಕ್ಕೆ ಎಳೆದೇಬಿಟ್ಟಿದ್ದವು. ಒದ್ದೆ ಮರಳಿನಿಂದ ಕಡ್ಡಿ ಸಲೀಸಾಗಿ ಹೊರಗೆ ಬಂತು. ಬುಡದಲ್ಲಿ ಬೇರಿಲ್ಲ, ಬೇರು ಬರಬೇಕಾದ ಕಡೆ ಅಕ್ಕಿನುಚ್ಚಿನಂಥ ಬಿಳಿ ಗುಳ್ಳೆಗಳು ಆಗತಾನೇ ಎದ್ದಿದ್ದವು. ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದು, ಇನ್ನೂ ಹಿಡಿದಿಲ್ಲ ಎಂದು ತೀರ್ಪು ಕೊಟ್ಟು, ಅದೇ ತೂತಿಗೆ ಮತ್ತೆ ತುರುಕಿ, ಪಕ್ಕದ ಕಡ್ಡಿಗೆ ಕೈಹಾಕಿದ. ಅಕ್ಕ ನೀರಿನ ಕ್ಯಾನಿನಿಂದಲೇ ಅವನ ಮೊಣಕೈಗೆ ಒಂದು ಬಿಟ್ಟಳು.

ನರ್ಸರಿಯವರ ಮಾತಿನಲ್ಲಿ ಹಿಡಿಯುವುದೆಂದರೆ ಬೇರು ಬಿಡುವುದು. ಊರಿದ ಕಡ್ಡಿಯನ್ನು ಕಾಲ ಬಂದಾಗ ಒಂದೇ ಒಂದು ಸಲ ಮೆಲ್ಲಗೆ ಎಳೆದು ನೋಡುವುದುಂಟು. ಮರಳಿನೊಳಗಿಂದ ಯಾರೋ ತಿರುಗಿ ಜಗ್ಗಿದಂತಾದರೆ ಹಿಡಿದಿದೆ ಎಂದರ್ಥ. ಇಡೀ ಕಸುಬಿನಲ್ಲಿ ತಮ್ಮ ಕಲಿತಿದ್ದು ಅದೊಂದನ್ನೇ. ಕಲಿತಿದ್ದನ್ನು ಮರೆಯಬಾರದೆಂದು ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಬಂದು ಮಾಡುತ್ತಿದ್ದ.

ಅಪ್ಪ ನರ್ಸರಿಯನ್ನು ಇಬ್ಬರಿಗೂ ಸೇರಿಸಿ ಬಿಟ್ಟುಹೋಗಿದ್ದ. ಮಣ್ಣು ಕಲೆಸುವುದು, ಕಸಿ ಕಟ್ಟುವುದು, ನೀರು ಹಾಯಿಸುವುದು ಅಕ್ಕನ ಪಾಲಿಗೆ. ಬಾಯಿ ತಮ್ಮನ ಪಾಲಿಗೆ. ಅವನನ್ನು ಹೊರಗೆ ಹಾಕಿ ಗೇಟಿಗೆ ಬೀಗ ಜಡಿದು ಒಬ್ಬಳೇ ಗಿಡಗಳ ನಡುವೆ ಇರುವುದಕ್ಕಿಂತ ದೊಡ್ಡ ಸುಖ ಅಕ್ಕನ ಮನಸ್ಸಿಗೆ ಬರುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಊರಿದ್ದ ಕಡ್ಡಿಗಳು ಸಂಜೆಬಿಳಿಯವು. ಬೆಳಿಗ್ಗೆ ಅರಿಶಿನದ ಬಣ್ಣದಲ್ಲಿ ಅರಳಿ ಸಂಜೆಗೆ ಬಿಳಿಚಿಕೊಳ್ಳುವ ಬಳ್ಳಿಗುಲಾಬಿ ಅದು. ಬೇರೆ ಯಾರ ಹತ್ತಿರವೂ ಇರಲಿಲ್ಲ. ಗೇಟಿನ ಕಂಬಕ್ಕೆ ಹಬ್ಬಿದ್ದ ತಾಯಿಬಳ್ಳಿಯ ಬುಡಕ್ಕೆ ಗಂಟುರೋಗ ಹತ್ತಿ, ಅದು ಮುಂದಿನ ಬೇಸಿಗೆ ದಾಟುವುದಿಲ್ಲವೆಂದು ಅಕ್ಕನಿಗೆ ಖಾತ್ರಿಯಾಗಿತ್ತು. ಇನ್ನೂ ರೋಗ ತಾಗದ ತುದಿಗಳನ್ನು ಆಯ್ದು ಕತ್ತರಿಸಿ ಊರಿದ್ದಳು. ಇವು ಹಿಡಿದರೆ ಸಂಜೆಬಿಳಿ ಉಳಿದೀತು. ಹಿಡಿಯದಿದ್ದರೆ ಈ ನರ್ಸರಿಗೂ ರಸ್ತೆಬದಿಯಲ್ಲಿ ಸಗಟು ಗಿಡ ಇಳಿಸಿಕೊಂಡು ಮಾರುವ ಶೆಡ್ಡುಗಳಿಗೂ ಏನು ವ್ಯತ್ಯಾಸ?

ಮಳೆಗಾಲದ ಗಿರಾಕಿಗಳು ಬೇರೆಯೇ ಜಾತಿ. ನಾಲ್ಕು ಹನಿ ಬಿದ್ದರೆ ಸಾಕು, ಭೂಮಿಯನ್ನೇ ಹಸಿರು ಮಾಡುತ್ತೇವೆಂದು ಕಾರಿನ ಡಿಕ್ಕಿ ತೆರೆದುಕೊಂಡು ಬರುತ್ತಾರೆ. ಚಳಿಗಾಲದವರಿಗೆ ಹೂವಿರುವ ಗಿಡವೇ ಬೇಕು, ಅದೂ ಪರದೆಯ ಬಣ್ಣಕ್ಕೆ ಹೊಂದಬೇಕು. ಬೇಸಿಗೆಯವರು ಒಣಗಿದ ಕಡ್ಡಿಯನ್ನು ಕುಂಡದ ಸಮೇತ ತಂದು ಮೇಜಿನ ಮೇಲೆ ಕುಕ್ಕಿ, ನೀವು ಕೊಟ್ಟಿದ್ದೇ ಸರಿ ಇರಲಿಲ್ಲ ಎನ್ನುತ್ತಾರೆ. ನೀರು ಹಾಕಿದ್ದಿರಾ ಎಂದು ಅಕ್ಕ ಕೇಳಿದರೆ, ದಿನಾ ಹಾಕಬೇಕಾ ಎಂದು ಅವಳನ್ನೇ ಕೇಳುತ್ತಾರೆ. ತಮ್ಮ ಇವರೆಲ್ಲರಿಗೂ ಬೆಣ್ಣೆ ಹಚ್ಚುತ್ತಿದ್ದ. ಅಕ್ಕ ಎಲ್ಲರನ್ನೂ ಒಂದೇ ಕಣ್ಣಿನಿಂದ ಕಡೆಗಣಿಸುತ್ತಿದ್ದಳು.

ಕಡ್ಡಿಗಳ ಮೇಲೆ ಅವಳು ಪ್ಲಾಸ್ಟಿಕ್ ಹೊದಿಸಿ, ಸುತ್ತ ಇಟ್ಟಿಗೆ ಹೇರಿದಳು. ತಮ್ಮ ಇಟ್ಟಿಗೆ ಸರಿಸಿ ಕೈ ತೂರಿಸುವುದನ್ನು ಕಲಿತ. ಒಂದು ಸಲ ಸಿಕ್ಕಿಬಿದ್ದಾಗ, ತಾನು ನೋಡುತ್ತಿದ್ದೇನಷ್ಟೇ ಎಂದ.

"ಬಸುರಿ ಹೊಟ್ಟೆ ಕುಯ್ದು ಮಗು ಇದೆಯಾ ಅಂತ ನೋಡ್ತಾರೇನೋ?" ಎಂದಳು ಅಕ್ಕ.

"ನೀನು ಎಳೆದ್ರೆ ಪರೀಕ್ಷೆ, ನಾನು ಎಳೆದ್ರೆ ಕೊಲೆ. ಚೆನ್ನಾಗಿದೆ ನಿನ್ನ ನ್ಯಾಯ."

ಎಳೆದಾಗಲೆಲ್ಲ ಮೊಳೆಯುವ ಬೇರು ಮುರಿಯುತ್ತದೆ ಎಂದು ಅವನಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಅಕ್ಕ ಹೇಳಲಿಲ್ಲ. ಕಲ್ಲಿಗೆ ಪಾಠ ಹೇಳುವಷ್ಟು ಪುರುಸೊತ್ತು ತನಗಿಲ್ಲವೆಂದು ಕುಂಡ ತುಂಬಲು ಹೋದಳು.

ಚಳಿ ಹಿಡಿದ ಹೊತ್ತಿಗೆ ಕಡ್ಡಿಗಳ ಕಣ್ಣೊಡೆದು ಕೆಂಪು ಚಿಗುರು ಬಂತು. ತಮ್ಮ ಕುಣಿದಾಡಿದ. ಹಿಡೀತು, ಹಿಡೀತು ಎಂದು ಬಂದವರಿಗೆಲ್ಲ ಡಂಗುರ ಸಾರಿದ. ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಸುಮ್ಮನಿರಲಾರದೆ, ಅವಳ ಮನೆಯ ಕಾಂಪೌಂಡಿಗೆ ಸಂಜೆಬಿಳಿ ಹಬ್ಬಿಸಿಕೊಡುತ್ತೇನೆಂದು ಮಾತು ಕೊಟ್ಟುಬಂದ. ಆಮೇಲೆ ಅವಳ ಓರಗಿತ್ತಿಗೂ, ಓರಗಿತ್ತಿಯ ಬೀದಿಯವರಿಗೂ ಮಾತು ಕೊಟ್ಟ.

ಕಡ್ಡಿ ತನ್ನೊಳಗಿನ ರಸ ಕುಡಿದೇ ಚಿಗುರಬಲ್ಲದು, ಬೇರಿಲ್ಲದೆಯೂ ಒಂದಷ್ಟು ಕಾಲ ಬದುಕಿದಂತೆ ನಟಿಸಬಲ್ಲದು ಎನ್ನುವುದು ಅಕ್ಕನಿಗೆ ಗೊತ್ತಿತ್ತು. ಆದರೂ ಅವತ್ತು ಅವಳು ತಮ್ಮನನ್ನು ಬೈಯಲಿಲ್ಲ. ಪ್ಲಾಸ್ಟಿಕ್ ಎತ್ತಿ ಆ ಕೆಂಪು ಎಲೆಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ತಾನೂ ಅವನಷ್ಟೇ ಪೆದ್ದಿಯಾಗುತ್ತಿದ್ದೇನೆ ಅನ್ನಿಸಿ ಪ್ಲಾಸ್ಟಿಕ್ಕನ್ನು ರಪ್ಪನೆ ಮುಚ್ಚಿದಳು.

ಬಿಸಿಲು ಏರುತ್ತಿದ್ದಂತೆ ಚಿಗುರುಗಳು ಒಂದೊಂದಾಗಿ ಕತ್ತು ಚೆಲ್ಲಿದವು. ಕೊನೆಗೆ ಅಕ್ಕ ಮಂಡಿಯೂರಿ ಕೂತು ಎಲ್ಲವನ್ನೂ ಕಿತ್ತಳು. ಯಾವುದೂ ತಿರುಗಿ ಜಗ್ಗಲಿಲ್ಲ. ಬುಡಗಳು ಸವೆದ ಪೆನ್ಸಿಲಿನಂತೆ ನುಣ್ಣಗೆ, ಕಪ್ಪಗೆ ಇದ್ದವು. ಅದೇ ಬೇಸಿಗೆಯಲ್ಲಿ ತಾಯಿಬಳ್ಳಿಯೂ ನೆಗೆದುಬಿತ್ತು. ಒಂದು ಹಸಿ ತುದಿ ಸಿಕ್ಕೀತೇ ಎಂದು ಅಕ್ಕ ಏಣಿ ಹಾಕಿ ಹುಡುಕಿದಳು. ಉಗುರಿನಿಂದ ಕೆರೆದಲ್ಲೆಲ್ಲ ತೊಗಟೆಯ ಕೆಳಗೆ ಕಂದುಬಣ್ಣವೇ ಇತ್ತು.

ತಮ್ಮ ಕೆಲವು ದಿನ ಅವಳ ಕಣ್ಣಿಗೆ ಬೀಳಲಿಲ್ಲ. ಆಮೇಲೊಂದು ಮಧ್ಯಾಹ್ನ ಗೇಟಿಗೆ ಸಣ್ಣ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಬಂತು. ಅದರ ತುಂಬ ಕಪ್ಪು ಚೀಲಗಳಲ್ಲಿ ಹಳದಿ ಬಳ್ಳಿಗುಲಾಬಿಗಳು, ಸಗಟು ಮಾರುವ ಕಡೆಯಿಂದ ತಂದವು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಹೊಳಪು. ಶಾಲೆಯ ಗ್ರೂಪ್ ಫೋಟೋಗೆ ಎಣ್ಣೆ ಹಚ್ಚಿ ತಲೆ ಬಾಚಿ ನಿಲ್ಲಿಸಿದ ಹಾಗೆ. ಚಾಲಕನಿಗೆ ಹಿಂದೆ ಬಾ, ಹಿಂದೆ ಬಾ ಎಂದು ಕೈ ಬೀಸುತ್ತಿದ್ದ ತಮ್ಮ ಅಕ್ಕನನ್ನು ನೋಡಿ ಓಡಿಬಂದ.

ಇವಕ್ಕೆ ಸಂಜೆಬಿಳಿ ಎಂದು ಚೀಟಿ ಕಟ್ಟೋಣ ಎಂದ. ಈಗಿರುವ ಹೂ ಕಿತ್ತುಹಾಕಿದರೆ, ಗಿಡ ಮನೆಗೆ ಹೋಗಿ ಹಬ್ಬಿ ಮತ್ತೆ ಹೂ ಬಿಡುವಷ್ಟರಲ್ಲಿ ಯಾರಿಗೆ ನೆನಪಿರುತ್ತದೆ, ಸಂಜೆಗೆ ಬಿಳಿ ಆಗಲಿಲ್ಲವೆಂದರೆ ನಿಮ್ಮ ಮಣ್ಣಿನ ಗುಣ ಎಂದರಾಯಿತು. ಅಕ್ಕ ಒಂದು ಹೂವನ್ನು ಗಲ್ಲ ಹಿಡಿದಂತೆ ಎತ್ತಿ ನೋಡಿ ಬಿಟ್ಟಳು.

"ಈ ಬುದ್ಧಿ ಎಲ್ಲಿ ಬಾಡಿಗೆಗೆ ತಂದ್ಯೋ?"

"ಬೈಯಿ, ಪರವಾಗಿಲ್ಲ. ಡಾಕ್ಟರಮ್ಮನ ಮುಂದೆ, ಅವರ ಬೀದಿಯವರ ಮುಂದೆ ನಾನು ಮುಖ ಎತ್ತಿಕೊಂಡು ಓಡಾಡಬೇಕು ಅಕ್ಕ." ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಇಷ್ಟು ಮಾಡ್ಕೊಡು. ಆಮೇಲೆ ನರ್ಸರಿ ಪೂರ್ತಿ ನಿಂದೇ. ನನ್ನ ಪಾಲು ಬಿಟ್ಕೊಡ್ತೀನಿ. ಇನ್ನು ಈ ಗೇಟೊಳಗೆ ಕಾಲಿಡಲ್ಲ, ನಿನ್ನಾಣೆಗೂ."

ಸುಳ್ಳು ಹೇಳುವಾಗ ಅವನು ಕತ್ತು ಕೆರೆದುಕೊಳ್ಳುತ್ತಿದ್ದ. ಈಗ ಕೈ ಸುಮ್ಮನೆ ಇಳಿಬಿದ್ದಿತ್ತು. ಅಕ್ಕ ಅವನಾಚೆಗೆ ಕಣ್ಣು ಹಾಯಿಸಿದಳು: ಹಸಿರು ಬಲೆಯ ಕೆಳಗೆ ಸಾಲು ಕುಂಡಗಳು, ಪೈಪಿನಿಂದ ತೊಟ್ಟಿಕ್ಕುವ ನೀರು. ಅದರ ನಡುವೆ ಇವನಿಲ್ಲದ ಒಂದು ಬೆಳಿಗ್ಗೆ, ಪೂರಾ ಒಂದು ಮಳೆಗಾಲ. ಅಷ್ಟನ್ನೂ ಅವಳು ಕಣ್ತುಂಬ ನೋಡಿಕೊಂಡಳು.

ಚಾಲಕ ಹಿಂಬಾಗಿಲ ಚಿಲಕ ತೆಗೆದು, ಎಲ್ಲಿ ಇಳಿಸಲಿ ಎಂದು ಕೇಳಿದ.

"ಬೇಡ," ಎಂದಳು ಅಕ್ಕ. "ಒಂದೂ ಇಳಿಸ್ಬೇಡಪ್ಪ."