ಮಸಣದ ಹೂವಿನ ಸೂಜಿ

"ಎಲಿಯಾಗ ಕಡ್ಡಿ ಹ್ಯಾಂಗ ಬಂತ ಬೋಸಡಿ? ಕಣ್ಣ ಕುಂಡ್ಯಾಗ ಇಟ್ಕೊಂಡ ಕುಂತೀಯೇನ?"

ಸಾಹುಕಾರ ವೈಜನಾಥ ಎಸೆದ ಕಡ್ಡಿ ಶೇವಂತಾಬಾಯಿಯ ಹಣೆಗೆ ತಾಗಿ ಮಡಿಲಿಗೆ ಬಿತ್ತು. ಅವಳು ಅದನ್ನು ಪಕ್ಕಕ್ಕಿಟ್ಟು, ಇನ್ನೊಂದು ಒಣಗಿದ ಗಿಡ ಎಳೆದುಕೊಂಡು ಎಲೆ ಸವರತೊಡಗಿದಳು. ಬೈಗುಳಕ್ಕೆ ಅಳುವ ಕಾಲ ಎಂದೋ ಮುಗಿದಿತ್ತು.

"ಸಾಹುಕಾರ್ರ, ಇವತ್ತ ಪೋರಿಗಿ ಸೂಜಿ ಅದರಿ. ಹನ್ನೆರಡರ ಬಸ್ಸಿಗಿ ಬೀದರಕ್ಕ ಹೋಗಬೇಕ್ರಿ. ನಿನ್ನೇನೇ ಹೇಳಿದ್ದೆರಿ."

"ಇವತ್ತ ಗಾಡಿ ತುಂಬ್ತದ. ತುಂಬೋತನಾ ಒಂದ ನಾಯಿನೂ ಎದ್ದ ಹೋಗಂಗಿಲ್ಲ. ನೀ ಎದ್ದಿ ಅಂದ್ರ ನಿಮ್ಮ ಓಣ್ಯಾಗಿನ ಒಬ್ಬಾಕಿಗೂ ನಾಳಿಂದ ಕೆಲಸಿಲ್ಲ. ತಿಳೀತಿಲ್ಲೊ?"

ಸುತ್ತ ಕೂತ ಹೆಂಗಸರು ಇನ್ನಷ್ಟು ಬಗ್ಗಿ ಎಲೆ ಸವರಿದರು. ಆ ವರ್ಷ ಔರಾದ ಕಡೆ ಬಾವಿ, ಬೋರು ಎಲ್ಲ ಬತ್ತಿ ಗಂಡಸರು ಪುಣೆ, ಹೈದರಾಬಾದಿನ ದಾರಿ ಹಿಡಿದಿದ್ದರು. ಶೇವಂತಾಳ ಗಂಡ ನರಸಿಂಗನೂ ಹೋಗಿದ್ದ. ತೊಗರಿ ಸತ್ತಿತ್ತು, ಜೋಳ ಸತ್ತಿತ್ತು. ಭಾಲ್ಕಿಯ ಈ ಸಾಹುಕಾರ ಔಷಧದ ಕಂಪನಿಗೆಂದು ಹಾಕಿಸಿದ್ದ ಸದಾಫುಲಿ, ಆ ನಿತ್ಯಪುಷ್ಪವೊಂದೇ ಯಾರ ಹಂಗೂ ಇಲ್ಲದೆ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿತ್ತು.

ಅದು ಮಸಣದ ಹೂ. ಅವರ ಓಣಿಯಲ್ಲಿ ಹೆಣ ಹೂತ ಮೇಲೆ ಗೋರಿಯ ತಲೆಕಡೆ ಸದಾಫುಲಿ ಹಚ್ಚುತ್ತಾರೆ, ನೀರು ಹಾಕುವವರು ಇಲ್ಲದಿದ್ದರೂ ಬದುಕುತ್ತದೆಂದು. ಯಾವ ಹೆಣ್ಣೂ ಅದನ್ನು ಮುಡಿಯುವುದಿಲ್ಲ, ಹೊಸ್ತಿಲು ದಾಟಿಸುವುದಿಲ್ಲ. ಸಾಹುಕಾರನ ಕಣದಿಂದ ಮನೆಗೆ ಹೊರಟಾಗಲೂ ಎಲ್ಲರೂ ಸೆರಗು ಝಾಡಿಸಿಯೇ ಹೆಜ್ಜೆ ಇಡುತ್ತಿದ್ದರು.

ಮಗಳು ಜಿಜಾಳಿಗೆ ರಕ್ತದ ಕ್ಯಾನ್ಸರು. ಬೀದರಿನ ದವಾಖಾನೆಯಲ್ಲಿ ವಾರಕ್ಕೊಮ್ಮೆ ಸೂಜಿ ಶುರುವಾದ ಮೇಲೆ ಹುಡುಗಿ ಎದ್ದು ಕೂತು ರೊಟ್ಟಿ ಕೇಳಿದ್ದಳು. ಒಂದು ದಿನ ನರ್ಸ್ ದೇಬೋರಾ ಮಾತಿನ ನಡುವೆ, "ನೀವು ಸದಾಫುಲಿ ಎಲಿ ಬಿಡಸ್ತೀರಲ್ಲ, ಅದರಿಂದೇ ಈ ಔಷಧ ತೆಗೀತಾರವ್ವ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಶೇವಂತಾಳಿಗೆ ಕೇಳಿಸಿದ್ದು ಬೇರೆಯೇ. ಗೋರಿಯ ಮೇಲಿನ ಹೂವನ್ನು ಮಗಳ ನರದೊಳಗೆ ಬಿಡುತ್ತಿದ್ದಾರೆ! ಮುಂದಿನ ವಾರ ಅವಳು ಬೀದರಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಜಿಜಾಳ ಮೂಗಿನಿಂದ ರಕ್ತ ಇಳಿದಾಗ ಎತ್ತಿಕೊಂಡು ಓಡಿದಳು.

ದೇಬೋರಾ ಬೈಯಲಿಲ್ಲ. "ಇನ್ನೊಂದ ಸಲ ತಪ್ಪಿಸಿದಿ ಅಂದ್ರ ಪೋರಿ ಕೈಗಿ ಹತ್ತಂಗಿಲ್ಲ" ಎಂದಷ್ಟೇ ಹೇಳಿದಳು. ಅವತ್ತಿನಿಂದ ಶೇವಂತಾಳೊಳಗೆ ಅಂಜಿಕೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಬಸ್ಸಿನ ಹೊತ್ತೊಂದೇ ತಲೆಯಲ್ಲಿ ಉಳಿದಿತ್ತು.

ಹನ್ನೆರಡಕ್ಕೆ ಬಸ್ಸಿನ ಹಾರ್ನ್ ಕೇಳಿತು. ಬೇವಿನ ನೆರಳಲ್ಲಿ ತಲೆಗೆ ಅರಿವೆ ಸುತ್ತಿಕೊಂಡು ಕೂತಿದ್ದ ಜಿಜಾ ಚಪ್ಪಲಿ ಮೆಟ್ಟಿ ಎದ್ದು ನಿಂತಳು.

"ಹೋಗ ನನ್ನವ್ವ," ಪಕ್ಕದ ಕೌಸಲ್ಯಾಬಾಯಿ ಪಿಸುಗುಟ್ಟಿದಳು. "ನಮ್ದೇನರೆ ಆಗ್ಲಿ."

ಶೇವಂತಾ ಸುತ್ತ ನೋಡಿದಳು. ಉಳಿದವರೆಲ್ಲ ಮುಖ ತಗ್ಗಿಸಿದ್ದರು. ಅವರ ಮನೆಗಳಲ್ಲೂ ಒಲೆ ಈ ಎಲೆಯಿಂದಲೇ ಉರಿಯುತ್ತಿತ್ತು. ಅವಳು ಏಳಲಿಲ್ಲ. ಬಸ್ಸು ನಿಂತು, ಹೊರಟು ಹೋಯಿತು. ಜಿಜಾ ಚಪ್ಪಲಿ ಬಿಟ್ಟು ಮತ್ತೆ ಕೂತಳು.

ಗಾಡಿ ತುಂಬುವಷ್ಟರಲ್ಲಿ ಮೂರಾಯಿತು. ಸೂಜಿಯ ಕೋಣೆಗೆ ಐದಕ್ಕೆ ಬೀಗ. ಸಾಹುಕಾರ ಲಾರಿಯ ಮುಂದಿನ ಗಾಲಿಗೆ ಕಾಯಿ ಒಡೆದು ಹೋಳು ಎತ್ತಿಕೊಳ್ಳುತ್ತಿದ್ದಾಗ ಶೇವಂತಾ ಮಗಳ ಕೈ ಹಿಡಿದು ಮುಂದೆ ನಿಂತಳು.

"ಗಾಡಿ ಬೀದರ ಮ್ಯಾಲೇ ಹೈದರಾಬಾದಕ್ಕ ಹೋಗ್ತದಲ್ರಿ. ಚೀಲದ ಮ್ಯಾಲ ಕುಂತ ಹೋಗ್ತೇವ್ರಿ. ನೌಬಾದದಾಗ ಇಳೀತೇವ್ರಿ."

"ಔಷಧದ ಮಾಲ ಅದು. ಹೊಲೇರ ಕುಂಡಿ ಇಟ್ಟದ್ದ ಕಂಪನಿಯವರ ಮುಟ್ತಾರೇನ?"

"ಹೊಲೇರ ಕೈ ಬಿಡಿಸಿದ್ದ ಮುಟ್ತಾರೇನ್ರಿ?"

"ಮುಚ್ಚ ಬಾಯಿ, ಸೂಳಿ!"

ಶೇವಂತಾ ಬಾಯಿ ಮುಚ್ಚಿದಳು. ಮಗಳನ್ನು ಬಗಲಿಗೆತ್ತಿ, ಹಿಂದಿನ ಗಾಲಿಯ ಮೇಲೆ ಕಾಲಿಟ್ಟು, ಹಗ್ಗ ಹಿಡಿದು ಮೇಲೇರಿದಳು. ಡ್ರೈವರ್ ಮಕ್ಬೂಲ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ.

"ಇಳೀತಿಯೋ, ಕೂದಲಾ ಹಿಡದ ಎಳೀಲ್ಯೋ?" ಸಾಹುಕಾರ ಗಾಲಿಯ ಮೇಲೆ ಕಾಲಿಟ್ಟ.

ಅವಳು ಸೊಂಟದ ಕುಡಗೋಲು ತೆಗೆದು ಅಂಚಿನ ಚೀಲವನ್ನು ಉದ್ದಕ್ಕೆ ಸೀಳಿದಳು. ಒಣ ಎಲೆ ಸುರ್ರನೆ ಸಾಹುಕಾರನ ಮುಖಕ್ಕೆ, ಬಿಳಿ ಧೋತರಕ್ಕೆ ಸುರಿಯಿತು. ಗಾಳಿ ಬಂದು ಹೊಲದ ತುಂಬ ಹಾರಿಸಿತು.

"ಆರಸ್ರೇ ರಂಡೇರ! ನಿಂತ ಏನ ನೋಡ್ತೀರಿ?"

ಕೌಸಲ್ಯಾಬಾಯಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಯಾರೂ ಬಗ್ಗಲಿಲ್ಲ.

"ಗಾಡಿ ಬಿಡಸ್ರಿ. ಐದಕ್ಕ ಬಾಗಲಾ ಹಾಕ್ತಾರ." ಶೇವಂತಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಕಟ್ಟೆಯಲ್ಲಿ ಸರದಿ ಕೇಳಿದಂತಿತ್ತು.

"ಅವ್ವಾ, ಚೆಲ್ಲಬ್ಯಾಡ," ಜಿಜಾ ಅವಳ ಸೆರಗು ಜಗ್ಗಿದಳು. "ಯಾರದರೆ ಸೂಜಿ ಆಗ್ತದ ಅದು."

ಶೇವಂತಾ ಎರಡನೆಯ ಚೀಲಕ್ಕೆ ಕುಡಗೋಲು ಹಚ್ಚಿದಳು.