ಎರಡು ಕೆಜಿ ಕಲ್ಲು

ಮುದಗಲ್ಲಿನಿಂದ ಲಿಂಗಸುಗೂರು, ಅಲ್ಲಿ ಬಸ್ಸು ಬದಲಿಸಿ ಮಸ್ಕಿಯ ಮೇಲೆ ಹಾದು ಸಿಂಧನೂರು. ಹೋಗುವುದೂ ಇದೇ ಹಾದಿ, ಬರುವುದೂ ಇದೇ ಹಾದಿ. ಹದಿನೈದು ದಿನಕ್ಕೊಮ್ಮೆ ಹೀಗೆ ಓಡಾಡಿ ನಾಲ್ಕು ತಿಂಗಳಾಗಿತ್ತು. ಅರವತ್ತಾರು ದಾಟಿದ ದೊಡ್ಡಬಸಪ್ಪನಿಗೆ ಸಾಕುಸಾಕಾಗಿತ್ತು. ಹಾಗಂತ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮುರಿದದ್ದು ಹೆಂಡತಿಯ ಕೈ, ಅವನದಲ್ಲ.

ಪಾರ್ವತೆಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲತೋಳಿನ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಮಾಡಿ ಒಳಗೆ ಲೋಹದ ಪಟ್ಟಿ ಕೂರಿಸಿದ್ದರು. ಎಲುಬು ಕೂಡಿತು, ಬಲ ಮಾತ್ರ ಮರಳಿ ಬರಲಿಲ್ಲ. ತನ್ನ ತುರುಬು ತಾನು ಕಟ್ಟಿಕೊಳ್ಳಲಾಗದೆ ದಿನಾ ಬೆಳಿಗ್ಗೆ ಸೊಸೆ ಐಶ್ವರ್ಯಳ ಮುಂದೆ ಕತ್ತು ಬಗ್ಗಿಸಿ ಕೂರಬೇಕು. ಸೊಸೆ ಒಳ್ಳೆಯವಳೇ, ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಆ ಹತ್ತು ನಿಮಿಷ ಪಾರ್ವತೆಮ್ಮನ ಮುಖ ನೋಡಲಾಗುತ್ತಿರಲಿಲ್ಲ.

ಸಿಂಧನೂರಿನಲ್ಲಿ ಫಿಜಿಯೋಥೆರಪಿ ಮಾಡುವ ಅಂಜಲಿಗೆ ಮೂವತ್ತೂ ತುಂಬಿರಲಿಕ್ಕಿಲ್ಲ, ಮಾತು ಮಾತ್ರ ಖಡಕ್ಕು. ಮೊದಲು ಬರಿಗೈ, ಆಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ, ಆಮೇಲೆ ಒಂದು ಲೀಟರಿನದು, ಹೀಗೆ ಏರಿಸಿದಳು. ಮೂರನೇ ತಿಂಗಳಿಗೆ ಡಂಬೆಲ್ಸ್ ತೆಗೆದುಕೊಳ್ಳಲು ಹೇಳಿದಳು. ಎರಡು ಕೆಜಿಯದನ್ನು ಹತ್ತು ಸಲ ಭುಜದ ಮಟ್ಟಕ್ಕೆ ಎತ್ತಿದ ದಿನ ಕೈ ಪೂರಾ ನಿಮ್ಮದು, ಆಗದಿದ್ದರೆ ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಮತ್ತೆ ಕಳಿಸಬೇಕಾಗುತ್ತದೆ, ಇನ್ನೊಮ್ಮೆ ಕೊಯ್ಯಬೇಕಾಗಲೂಬಹುದು ಎಂದಳು. ಆ ಮಾತು ಪಾರ್ವತೆಮ್ಮನ ತಲೆಯಲ್ಲಿ ಕೂತುಬಿಟ್ಟಿತು.

ಡಂಬೆಲ್ ಎಂದರೇನೆಂದು ದೊಡ್ಡಬಸಪ್ಪ ಅಲ್ಲೇ ಕೈಯಲ್ಲಿ ಹಿಡಿದು ನೋಡಿದ್ದ. ನಡುವೆ ಹಿಡಿ, ಎರಡು ತುದಿಗೆ ಸಮನಾಗಿ ಕಬ್ಬಿಣ. ನಲವತ್ತು ವರ್ಷ ಕಿರಾಣಿ ಗಲ್ಲೆಯ ಮೇಲೆ ಕೂತು ಕಬ್ಬಿಣದ ತೂಕದ ಕಲ್ಲು ಎತ್ತಿಟ್ಟವನಿಗೆ ಕಬ್ಬಿಣ ಕೊಳ್ಳುವುದೆಂದರೆ ನಗು ಬಂತು. ಮಗ ಚನ್ನವೀರ ಅಂಗಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ತಂದ ಮೇಲೆ ಹಳೆಯ ತೂಕದ ಕಲ್ಲುಗಳು ಗೋಣಿಚೀಲದಲ್ಲಿ ಮಂಚದ ಕೆಳಗೆ ಬಿದ್ದಿದ್ದವು. ಆರು ಮೂಲೆಯ ಆ ಕಲ್ಲಿಗೆ ಹಿಡಿ ಇಲ್ಲ. ಅದಕ್ಕೇನಂತೆ, ಬಟ್ಟೆಯ ಕೈಚೀಲದಲ್ಲಿ ಹಾಕಿ ಹೆಂಡತಿಯ ಕೈಗೆ ಕೊಟ್ಟ. ಮೊದಲು ಒಂದು ಕೆಜಿಯದು, ಇಪ್ಪತ್ತು ದಿನ ಬಿಟ್ಟು ಎರಡರದು.

ಎಣಿಸುವ ಕೆಲಸ ರಾಜಾಬೀಯದು. ಇಪ್ಪತ್ತೈದು ವರ್ಷ ಈ ಮನೆಯ ಕಸಮುಸುರೆ ಮಾಡಿ, ಮೊಣಕಾಲು ಸೋತ ಮೇಲೆ ಕೆಲಸ ಬಿಟ್ಟವಳು ಅವಳು. ಈಗ ದಿನಾ ಸಂಜೆ ಗೆಳತಿಯ ಹಾಗೆ ಬಂದು ಕೂರುತ್ತಿದ್ದಳು. ಹಿಂದೆ ಅವಳಿಗೆ ಕೂಲಿ ಕೊಡುತ್ತಿದ್ದದ್ದು ಜೋಳದಲ್ಲಿ. ಸೋಮವಾರಕ್ಕೊಮ್ಮೆ ಹಿತ್ತಲ ಬಾಗಿಲಲ್ಲಿ ಪಾರ್ವತೆಮ್ಮ ತಾನೇ ತಕ್ಕಡಿ ಹಿಡಿದು, ಎರಡು ಕೆಜಿ ಕಲ್ಲಿಟ್ಟು ಎರಡು ಸಲ ತೂಗಿ, ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದಳು. ಪಾರ್ವತೆಮ್ಮನ ಕೈ ಧಾರಾಳ ಎಂದು ಓಣಿಯೆಲ್ಲ ಹೇಳುತ್ತಿತ್ತು. ಆ ನೆನಪಿಗೇ ಏನೋ, ರಾಜಾಬೀ ಹತ್ತು ಎಣಿಸಿದ ಮೇಲೆ ಇದು ಕೊಸರು ಎಂದು ಹನ್ನೊಂದನೆಯದನ್ನೂ ಎತ್ತಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಒಂದು ಸಂಜೆ ರಾಜಾಬೀ ಒಂದು ಕೈಯಲ್ಲಿ ಲೀಟರಿನ ಬಾಟಲಿ, ಇನ್ನೊಂದು ಕೈಯಲ್ಲಿ ಒಂದು ಕೆಜಿ ಕಲ್ಲು ಹಿಡಿದು, ಬಾಟಲಿಯೇ ಭಾರ ಅನಿಸುತ್ತದಲ್ಲ ಎಂದಳು. ದೊಡ್ಡಬಸಪ್ಪ ಪೇಪರಿನಿಂದ ತಲೆ ಎತ್ತದೆ, ನೀರು ಒಳಗೆ ಅಳ್ಳಾಡುತ್ತದೆ, ಅದಕ್ಕೆ ಹಾಗನಿಸುತ್ತದೆ, ಕಬ್ಬಿಣ ಕೂತಲ್ಲಿ ಕೂರುತ್ತದೆ ಎಂದ. ಬಾಯಿತನಕ ತುಂಬಿದ ಬಾಟಲಿಯಲ್ಲಿ ನೀರು ಎಲ್ಲಿ ಅಳ್ಳಾಡುತ್ತದೆ ಎಂದು ಇಬ್ಬರಲ್ಲಿ ಯಾರೂ ಕೇಳಲಿಲ್ಲ. ತೂಕದ ವಿಷಯದಲ್ಲಿ ಸಾವ್ಕಾರನ ಮಾತಿಗೆ ಎದುರಾಡುವವರು ಯಾರು? ಅವನು ಮಾತ್ರ ಆ ರಾತ್ರಿ ಮಂಚದ ಕೆಳಗಿನ ಗೋಣಿಚೀಲವನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

ಅಂಗಡಿಯಲ್ಲಿ ಅಪ್ಪನ ಕಾಲದಿಂದ ಎರಡು ಜೊತೆ ಕಲ್ಲುಗಳಿದ್ದವು. ತೂಕ ಪರೀಕ್ಷಿಸಿ ಮುದ್ರೆ ಒತ್ತುವ ಸಾಹೇಬರು ಬಂದಾಗ ಟ್ರಂಕಿನಿಂದ ಹೊರಬರುವುದು ಒಂದು ಜೊತೆ, ದಿನದ ವ್ಯಾಪಾರಕ್ಕೆ ಇನ್ನೊಂದು. ದಿನದ ಕಲ್ಲುಗಳ ಹೊಟ್ಟೆ ಕೊರೆದು, ಅರಗು ತುಂಬಿ, ಮೇಲೆ ಮಸಿ ಬಳಿದಿತ್ತು. ಎರಡು ಕೆಜಿಯದು ಮುನ್ನೂರು ಗ್ರಾಂ ಕಡಿಮೆ. ಕೊರೆದವನು ಅಪ್ಪ, ನಾನಲ್ಲ ಎಂದು ದೊಡ್ಡಬಸಪ್ಪ ಗಲ್ಲೆಗೆ ಕೂತ ದಿನದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಕೊರೆಯಲಿಲ್ಲ, ನಿಜ. ಬಿಸಾಡಲೂ ಇಲ್ಲ. ತಕ್ಕಡಿ ಬದಲಾದಾಗ ಸಾಚಾ ಕಲ್ಲುಗಳನ್ನು ಹಳ್ಳಿಯ ಅಂಗಡಿಯವರೊಬ್ಬರು ಒಯ್ದರು. ಇವನ್ನು ಯಾರಿಗೆ ಕೊಟ್ಟರೂ ಬಣ್ಣ ಬಯಲಾಗುತ್ತದೆಂದು ಮಂಚದ ಕೆಳಗೆ ತಳ್ಳಿದ್ದ. ಪಾರ್ವತೆಮ್ಮನಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಹಾಗಾದರೆ ಅದೇ ಕಲ್ಲನ್ನು ಹೆಂಡತಿಯ ಕೈಗೆ ಯಾಕೆ ಕೊಟ್ಟ? ವ್ಯಾಯಾಮಕ್ಕೆ ತಾನೆ, ಚೂರು ಹಗುರವಿದ್ದರೆ ಯಾರ ಗಂಟು ಹೋಯಿತು ಎಂದುಕೊಂಡಿದ್ದ. ಅಷ್ಟು ವರ್ಷ ಅದೇ ಕಲ್ಲಿನಲ್ಲಿ ತೂಗಿ ತೂಗಿ ಅವನಿಗೂ ಅದು ಎರಡು ಕೆಜಿಯೇ ಆಗಿಹೋಗಿತ್ತೋ ಏನೋ. ಎರಡು ಕೆಜಿ ಎತ್ತಿದೆ ಎಂದು ಅವಳು ಹಿಗ್ಗಿದಾಗ ಈ ಮನುಷ್ಯನೂ ಹಿಗ್ಗಿದ.

ಮರುವಾರ ಸಿಂಧನೂರಿಗೆ ಹೋದರು. ಮನೆಯಲ್ಲಿ ಎಷ್ಟು ಎತ್ತುತ್ತೀರಿ ಎಂದು ಅಂಜಲಿ ಕೇಳಿದಾಗ ಪಾರ್ವತೆಮ್ಮ ಹುಡುಗಿಯ ಹಾಗೆ ನಾಚಿ, ಎರಡು ಕೆಜಿ ಕಲ್ಲು, ಹನ್ನೊಂದು ಸಲ ಎಂದಳು. ಅಂಜಲಿ ಖುಷಿಯಿಂದ ಎರಡು ಕೆಜಿಯ ಡಂಬೆಲ್ ಅವಳ ಕೈಗಿಟ್ಟಳು. ಮೊದಲ ಸಲ ಎದ್ದಿತು. ಎರಡನೇ ಸಲಕ್ಕೆ ಮೊಣಕೈ ನಡುಗಿತು. ಮೂರನೇ ಸಲ ಎದೆಯ ತನಕ ಬಂದು ನಿಂತೇಬಿಟ್ಟಿತು, ಅಂಜಲಿಯೇ ಹಿಡಿದು ಇಳಿಸಬೇಕಾಯಿತು.

ಅಂಜಲಿಗೆ ತಲೆಬುಡ ತಿಳಿಯಲಿಲ್ಲ. ಚೀಲದಲ್ಲಿಟ್ಟ ಭಾರ ತೂಗಾಡಿ ಕೈಯನ್ನು ಜಗ್ಗುತ್ತದೆ, ಡಂಬೆಲ್ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಅಲ್ಲಿ ಹನ್ನೊಂದು ಎತ್ತಿದವರು ಇಲ್ಲಿ ಇನ್ನೂ ಹೆಚ್ಚು ಎತ್ತಬೇಕು. ಮೂರಕ್ಕೇ ಸೋತರೆಂದರೆ ಬಲ ಹಿಂದಕ್ಕೆ ಹೋಗುತ್ತಿದೆ, ಒಳಗಿನ ಪಟ್ಟಿ ಸಡಿಲಾಗಿರಬಹುದು ಎಂದು ಡಾಕ್ಟರಿಗೆ ಚೀಟಿ ಬರೆದಳು. ದೊಡ್ಡಬಸಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳದೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

ಭತ್ತದ ಲಾರಿಗಳ ಹಿಂದೆ ಬಸ್ಸು ತೆವಳುತ್ತಾ ಬಂತು. ಪಾರ್ವತೆಮ್ಮ ಕಿಟಕಿಯ ಪಕ್ಕ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮಸ್ಕಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದಾಗ ಅವಳು ಬಾಯಿಬಿಟ್ಟಳು.

"ಸಾಕ್ರಿ. ಇನ್ನೊಮ್ಮೆ ಕೊಯ್ಸಿಕೊಳ್ಳೂ ಶಕ್ತಿ ನನ್ನ ಹಂತ್ಯಾಕ ಇಲ್ಲ. ಐಶ್ವರ್ಯ ತಲಿ ಬಾಚ್ತಾಳ, ಬಾಚ್ಲಿ. ಈ ಕೈ ಸತ್ತೈತಿ ಅಂತ ತಿಳ್ಕೋತೀನಿ."

ಸುಮ್ಮನಿದ್ದುಬಿಡಬಹುದಿತ್ತು. ನಾಲ್ಕು ತಿಂಗಳ ಓಡಾಟ ನಿಲ್ಲುತ್ತಿತ್ತು, ಕಲ್ಲುಗಳು ಮತ್ತೆ ಮಂಚದ ಕೆಳಗೆ ಹೋಗುತ್ತಿದ್ದವು, ಅಪ್ಪನ ಹೆಸರೂ ತನ್ನ ಹೆಸರೂ ಉಳಿಯುತ್ತಿದ್ದವು. ಇದೆಲ್ಲ ಅವನ ಮನಸ್ಸಿನಲ್ಲಿ ಹಾದುಹೋಯಿತು, ಹೋಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಇನ್ನೂ ಜೀವವಿದ್ದ ಕೈಯನ್ನು ಅವಳು ಸತ್ತಿತೆಂದು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅದನ್ನು ನೋಡಿಕೊಂಡು ಮುದಗಲ್ ತನಕ ಕೂರುವುದು ಅವನಿಂದ ಆಗಲಿಲ್ಲ.

"ಕೈ ಸತ್ತಿಲ್ಲ, ಪಾರ್ವತಿ" ಎಂದ. "ಕಲ್ಲು ಖೋಟಾ ಐತಿ."

ಎರಡು ಜೊತೆಯ ಕಥೆಯನ್ನು ತಗ್ಗಿದ ದನಿಯಲ್ಲಿ ಪೂರಾ ಹೇಳಿದ. ಅವಳು ಬೈಯುತ್ತಾಳೆಂದು ಕಾದ. ಡ್ರೈವರ್ ಬಂದ, ಬಸ್ಸು ಹೊರಟಿತು, ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು. ಲಿಂಗಸುಗೂರು ಇನ್ನೇನು ಬಂತು ಎನ್ನುವಾಗ ತಿರುಗಿದಳು.

"ಹಿತ್ತಲ ಬಾಗಲ್ದಾಗ ಇಡತಿದ್ದದ್ದೂ ಇದೇ ಕಲ್ಲೇನ್ರಿ?"

ಅವನು ತಲೆಯಾಡಿಸಿದ.

"ಅಷ್ಟೂ ವರ್ಷ ನನ್ನ ಕೈಲೆ ತೂಗಿಸೀರಿ" ಎಂದಳು.

ಲಿಂಗಸುಗೂರಿನಲ್ಲಿ ಇಳಿದ ಮೇಲೆ ಅವನನ್ನು ಬಸ್ ನಿಲ್ದಾಣದ ಹೊರಗೆ ಕಳಿಸಿ ಎರಡು ಕೆಜಿಯ ಡಂಬೆಲ್ ತರಿಸಿದಳು. ಅಂಜಲಿಗೂ ಅವನಿಂದಲೇ ಫೋನು ಮಾಡಿಸಿದಳು. ಅಂಜಲಿ, ಹಾಗಿದ್ದರೆ ಹೆದರುವಂಥದ್ದಿಲ್ಲ, ಕೈ ಸುಧಾರಿಸುತ್ತಲೇ ಇದೆ, ಈಗಲೇ ಡಾಕ್ಟರ ಹತ್ತಿರ ಓಡುವುದು ಬೇಡ, ಇಷ್ಟಿಷ್ಟೇ ಎತ್ತುತ್ತಾ ಹೋಗಲಿ ಎಂದಳು. ಇದನ್ನು ಹೇಳಿದರೆ ಪಾರ್ವತೆಮ್ಮನ ಮುಖ ಅರಳೀತೆಂದು ದೊಡ್ಡಬಸಪ್ಪ ಆಸೆಪಟ್ಟಿದ್ದ. ಅವಳು ಹೂಂ ಎಂದು ಮುದಗಲ್ ಬಸ್ಸು ಹತ್ತಿದಳು.

ಮರುದಿನ ಸಂಜೆ ರಾಜಾಬೀ ಎಂದಿನಂತೆ ಬಂದು ಗೋಡೆಗೆ ಒರಗಿ ಕೂತಳು. ಪಾರ್ವತೆಮ್ಮ ಅವಳ ಒಂದು ಕೈಗೆ ಹಳೆಯ ಕಲ್ಲು, ಇನ್ನೊಂದು ಕೈಗೆ ಡಂಬೆಲ್ ಕೊಟ್ಟು, ಎರಡೂ ಎರಡೆರಡು ಕೆಜಿ ಎಂದೇ ಬರೆದಿದೆ ನೋಡು ಎಂದಳು. ಎದ್ದು ಒಳಗೆ ಹೋಗಲು ನೋಡಿದ ಗಂಡನನ್ನು ತಡೆದಳು.

"ನನ್ನ ಕೈ ತೂಗೇತಿ. ನಿಮ್ಮ ಬಾಯಿ ಹೇಳ್ಲಿ."

ಹೇಳಿದ. ಬಸ್ಸಿನಲ್ಲಿ ಅಷ್ಟುದ್ದ ಹೇಳಿದ್ದು ಇಲ್ಲಿ ನಾಲ್ಕೇ ಮಾತಿಗೆ ಮುಗಿಯಿತು. ರಾಜಾಬೀ ಎರಡೂ ಕೈಗಳನ್ನು ಮೇಲೆ ಕೆಳಗೆ ಆಡಿಸಿ ನೋಡಿದಳು. ಕಲ್ಲಿನ ಕೈ ಬೇಗ ಮೇಲೇಳುತ್ತಿತ್ತು. ಎರಡನ್ನೂ ನೆಲಕ್ಕಿಟ್ಟು, ಸೆರಗಿನಿಂದ ಅಂಗೈ ಒರೆಸಿಕೊಂಡಳು. ಅವಳು ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಸೋಮವಾರ ಒಯ್ದದ್ದು ಶನಿವಾರಕ್ಕ ತೀರತಿತ್ತು ಸಾವ್ಕಾರ. ಐತ್ವಾರ ರೊಟ್ಟಿ ಇರತಿರಲಿಲ್ಲ. ಜೋಳ ಕದ್ದು ಅಂಗಡ್ಯಾಗ ಕೊಟ್ಟು ಪೆಪ್ಪರಮೆಂಟ್ ತಿಂದಿ ಅಂತ ನಮ್ಮ ದೊಡ್ಡಾಂವನ್ನ ಬಡೀತಿದ್ದೆ ನಾ. ಇಲ್ಲಬೇ, ನಾ ಮುಟ್ಟಿಲ್ಲ ಅಂತ ಅಳತಿತ್ತು ಕೂಸು."

ಕೊರೆದವನು ಅಪ್ಪ ಎಂಬ ಮಾತು ದೊಡ್ಡಬಸಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

ಪಾರ್ವತೆಮ್ಮ ಡಂಬೆಲ್ ಎತ್ತಿಕೊಂಡಳು. ರಾಜಾಬೀ ಎದ್ದು ಹೋಗುತ್ತಾಳೇನೋ ಎಂದು ಅವನಿಗನಿಸಿತು. ಹೋಗಲಿಲ್ಲ. ಒಂದು ಎಂದಳು. ಎರಡು ಎಂದಳು. ಮೂರಕ್ಕೆ ಕೈ ನಡುಗುತ್ತಾ ನಡುಗುತ್ತಾ ಭುಜದ ಮಟ್ಟಕ್ಕೆ ಏರಿತು. ಅದನ್ನು ಇಳಿಸಿ ಪಾರ್ವತೆಮ್ಮ, ಇನ್ನೊಂದು ಕೊಸರು ಎನ್ನುತ್ತಾಳೇನೋ ಎಂದು ರಾಜಾಬೀಯ ಮುಖ ನೋಡಿದಳು. ರಾಜಾಬೀ ಕೊಸರಿನ ಹೆಸರೆತ್ತದೆ ಅವಳ ಕೈಯಿಂದ ಡಂಬೆಲ್ ತೆಗೆದುಕೊಂಡು ನೆಲದ ಮೇಲಿಟ್ಟಳು.